ಹಾಲ್‌ನ ಇಟ್ಟಿಗೆ ಫೈರ್‌ಪ್ಲೇಸ್‌ಗೆ ಹಳೇ ಆಯಿಲ್ ಪೇಂಟ್ ಇದೆ: ಕೆರೆದು ತೆಗೆಸಬೇಕಾ, ಮೇಲೆ ಬಳಿಸಬೇಕಾ?

ಬಿ ಬ್ಲಾಕ್ ಸೊಸೆ

ಎಲ್ಲರಿಗೂ ನಮಸ್ಕಾರ. ದಾವಣಗೆರೆ ಎಂಸಿಸಿ ಬಿ ಬ್ಲಾಕ್‌ನಲ್ಲಿ ಮಾವನವರು 1986ರಲ್ಲಿ ಕಟ್ಟಿಸಿದ ಮನೆ ನಮ್ಮದು. ಅವರು ಮೂಡಿಗೆರೆ ಕಡೆ ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದವರು. ಅಲ್ಲಿನ ಬಂಗಲೆಯಲ್ಲಿ ಇದ್ದಂಥದ್ದೇ ಬೇಕು ಅಂತ ಹಾಲ್‌ನಲ್ಲಿ ಇಟ್ಟಿಗೆಯ ಫೈರ್‌ಪ್ಲೇಸ್ ಕಟ್ಟಿಸಿದ್ದಾರೆ. ಶೋಕಿಗೆ ಮಾಡಿದ ಗೂಡಲ್ಲ, ತಾರಸಿ ಮೇಲೆ ಚಿಮಣಿಯೂ ಇದೆ. ದಾವಣಗೆರೆ ಸೆಕೆಗೆ ಫೈರ್‌ಪ್ಲೇಸ್ ಯಾಕೆ ಅಂತ ದಯವಿಟ್ಟು ಕೇಳಬೇಡಿ. ಮನೆಗೆ ಬಂದವರೆಲ್ಲ ಕೇಳಿ ಮುಗಿಸಿದ್ದಾರೆ.

ಗೋಡೆ ಸುಮಾರು 6 ಅಡಿ ಅಗಲ, 9 ಅಡಿ ಎತ್ತರ. ಪೂರ್ತಿ ಹಸಿರು ಆಯಿಲ್ ಪೇಂಟ್, ಬಸ್ ಸ್ಟ್ಯಾಂಡ್ ಗೋಡೆಯ ಹಸಿರು. ಚಕ್ಕೆ ಎದ್ದ ಕಡೆ ಒಳಗೆ ಇನ್ನೊಂದು ಕೆಂಪು ಕೋಟು ಕಾಣುತ್ತದೆ. ಎಡಗಡೆ ಕೆಳಗೆ ಒಂದು ಮೊಳದಷ್ಟು ಜಾಗದಲ್ಲಿ ಪೇಂಟ್ ಉಬ್ಬಿ ಉದುರುತ್ತಿದೆ, ಬಿಳಿ ಪುಡಿ ಬರುತ್ತದೆ. ಗೂಡಿನ ಒಳಗೆ ಕರಿ ಮಸಿ. ನೆಲ ರೆಡ್ ಆಕ್ಸೈಡ್, ಚೆನ್ನಾಗಿದೆ, ಅದನ್ನು ಮುಟ್ಟುವುದಿಲ್ಲ. ಹಾಲ್‌ಗೆ ಒಂದೇ ಕಿಟಕಿ, ಪಶ್ಚಿಮಕ್ಕೆ.

ನನಗೆ ಇಟ್ಟಿಗೆಯ ಮೂಲ ಬಣ್ಣವೇ ಕಾಣಬೇಕು ಅಂತ ಆಸೆ. ಪೇಂಟರ್ ಒಬ್ಬರು ಬಂದು ನೋಡಿ, "ಗ್ರೈಂಡರ್ ಮೆಷಿನ್‌ನಲ್ಲಿ ಉಜ್ಜಿ ಎರಡು ದಿನದಲ್ಲಿ ಕ್ಲೀನ್ ಮಾಡಿಕೊಡ್ತೀನಿ" ಅಂದಿದ್ದಾರೆ. ಯುಗಾದಿ ಕಳೆದ ಮೇಲೆ ನಾದಿನಿ ಬಾಣಂತನಕ್ಕೆ ಬರುತ್ತಾಳೆ, ಅಷ್ಟರೊಳಗೆ ಹಾಲ್ ಮುಗಿಯಬೇಕು. ಟಿವಿಯನ್ನು ಫೈರ್‌ಪ್ಲೇಸ್ ಮೇಲೆ ಹಾಕೋಣ ಅಂತ ಯಜಮಾನರು. ಏನು ಮಾಡಲಿ?

ಹೊಂಡದ ಸರ್ಕಲ್

ಅಕ್ಕಾ, ಫೋಟೋ ನೋಡಿದೆ. ಮನೆ ಚೆನ್ನಾಗಿದೆ. ಪೂರ್ತಿ ಒಡೆಸಿಬಿಡಿ, ಹಾಲ್ ದೊಡ್ಡದಾಗುತ್ತದೆ. ಟಿವಿ ಯೂನಿಟ್ ಮಾಡಿಸಿ, ಪ್ಲೈವುಡ್ಡು, ಹಿಂದೆ ಲೈಟು.

ಬಿ ಬ್ಲಾಕ್ ಸೊಸೆ

ಒಡೆಸುವ ಮಾತು ಎತ್ತಿದರೆ ಮಾವ ಊಟ ಬಿಡುತ್ತಾರೆ. ಅದು ಬಿಟ್ಟು ಹೇಳಿ.

ಗಾರೆ ಗೋಡೆ

ಒಡೆಸುವುದು ಅಷ್ಟು ಸುಲಭವೂ ಅಲ್ಲ. ಚಿಮಣಿ ತಾರಸಿ ದಾಟಿ ಹೋಗಿದೆ. ಕೆಳಗಿಂದ ಒಡೆದರೆ ಮೇಲಿನ ಭಾರಕ್ಕೆ ಆಸರೆ ಇರುವುದಿಲ್ಲ. ಒಡೆಯುವುದಾದರೆ ಮೇಲಿನಿಂದ ಕೆಳಕ್ಕೆ ಬರಬೇಕು, ಆಮೇಲೆ ತಾರಸಿಯ ತೂತು ಮುಚ್ಚಬೇಕು. ಹಾಲ್‌ಗೆ ಬಣ್ಣ ಹೊಡೆಸಲು ಹೊರಟವರಿಗೆ ಅಷ್ಟೆಲ್ಲ ಯಾಕೆ?

ಮೇಡಂ, ನಾನು ಸಿವಿಲ್ ಕೆಲಸದವನು. ಬಣ್ಣದ ಮಾತು ಆಮೇಲೆ. ಆ ಎಡಗಡೆ ಬಿಳಿ ಪುಡಿ ಮೊದಲು ನೋಡಬೇಕಾದದ್ದು. ಇಟ್ಟಿಗೆಯೊಳಗೆ ನೀರು ಹೋಗುತ್ತಿದೆ. ಇಟ್ಟಿಗೆ, ಗಾರೆಯಲ್ಲಿರುವ ಉಪ್ಪು ನೀರಿನಲ್ಲಿ ಕರಗಿ ಗೋಡೆಯ ಮುಖಕ್ಕೆ ಬರುತ್ತದೆ. ನೀರು ಆರುತ್ತದೆ, ಉಪ್ಪು ಉಳಿಯುತ್ತದೆ. ಆಯಿಲ್ ಪೇಂಟ್ ಇದ್ದರೆ ಆ ನೀರಿಗೆ ಹೊರಗೆ ಬರಲು ದಾರಿ ಇಲ್ಲ, ಅದಕ್ಕೇ ಪೇಂಟನ್ನು ಒಳಗಿಂದ ತಳ್ಳಿ ಉಬ್ಬಿಸುತ್ತದೆ. ಇದರ ಮೇಲೆ ಎಷ್ಟು ದುಬಾರಿ ಪೇಂಟ್ ಹೊಡೆದರೂ ಒಂದು ಮಳೆಗಾಲ ಕಳೆದರೆ ಮತ್ತೆ ಅದೇ ಕಥೆ.

ನೀರು ಎಲ್ಲಿಂದ ಅಂತ ಗೊತ್ತಾಗಬೇಕು. ಎರಡು ಸಾಧ್ಯತೆ. ನೆಲದಿಂದ ಏರುತ್ತಿರಬಹುದು, ಚಿಮಣಿಯಿಂದ ಇಳಿಯುತ್ತಿರಬಹುದು. ಎರಡೂ ಬದಿ ಕೆಳಗೆ ಒಂದೇ ಸಮ ಒದ್ದೆ ಇದ್ದರೆ ನೆಲದ್ದು. ಒಂದೇ ಮೂಲೆ ಅಂದರೆ ನನ್ನ ಅನುಮಾನ ಚಿಮಣಿ ಮೇಲೆ. ತಾರಸಿಗೆ ಹೋಗಿ ಮೂರು ನೋಡಿ ಹೇಳಿ: ಚಿಮಣಿ ಬಾಯಿ ಮುಚ್ಚಿದೆಯಾ, ಚಿಮಣಿ ತಾರಸಿಗೆ ಸೇರುವ ಬುಡದಲ್ಲಿ ಬಿರುಕಿದೆಯಾ, ಮಳೆ ನೀರು ಆ ಕಡೆಗೆ ಹರಿಯುತ್ತದಾ.

ಬಿ ಬ್ಲಾಕ್ ಸೊಸೆ

ಹೋಗಿ ನೋಡಿದೆ ಸರ್. ಬಾಯಿ ತೆರೆದೇ ಇದೆ, ಒಳಗೆ ಪಾರಿವಾಳ ಗೂಡು ಕಟ್ಟಿದೆ. ಎಡಬದಿಯ ಬುಡದಲ್ಲಿ ಬೆರಳಿನ ಉಗುರು ಹೋಗುವಷ್ಟು ಬಿರುಕು. ತಾರಸಿ ನೀರಿನ ಕೊಳವೆಯೂ ಅದೇ ಮೂಲೆಗೆ ಇದೆ, ನೀರೆಲ್ಲ ಆ ಕಡೆಗೇ ಇಳಿಜಾರು.

ಗಾರೆ ಗೋಡೆ

ಸಿಕ್ಕಿತಲ್ಲ. ಮೊದಲ ಖರ್ಚು ತಾರಸಿ ಮೇಲೆ. ಬಿರುಕನ್ನು ಸ್ವಲ್ಪ ಅಗಲ ಮಾಡಿ, ಧೂಳು ತೆಗೆದು, ವಾಟರ್‌ಪ್ರೂಫ್ ಪುಡಿ ಸೇರಿಸಿದ ಸಿಮೆಂಟ್ ಗಾರೆ ತುಂಬಿ, ಬುಡದ ಸುತ್ತ ಓರೆಯಾಗಿ ಗಾರೆ ಪಟ್ಟಿ ಕಟ್ಟಲು ಹೇಳಿ. ನೀರು ನಿಲ್ಲದೆ ಜಾರಿ ಹೋಗಬೇಕು. ಗಾರೆಯವರು ಮಾಡಿ ಹೋದ ಮೇಲೆ ಒಂದು ವಾರ ಕ್ಯೂರಿಂಗ್‌ಗೆ ನೀರು ಹಾಕುವುದು ನಿಮ್ಮ ಕೆಲಸ. ಬಿಸಿಲಿಗೆ ಒಣಗಿ ಮತ್ತೆ ಬಿರುಕು ಬಿಟ್ಟರೆ ಗಾರೆಯವರನ್ನು ಬೈಯಬೇಡಿ.

ಬಾಯಿಗೆ ಒಂದು ಚಪ್ಪಡಿ ಕಲ್ಲು. ಆದರೆ ಗಾಳಿಯಾಡದ ಹಾಗೆ ಮುಚ್ಚಬಾರದು. ನಾಲ್ಕು ಮೂಲೆಗೆ ಇಟ್ಟಿಗೆ ಇಟ್ಟು ಅದರ ಮೇಲೆ ಚಪ್ಪಡಿ, ಸುತ್ತ ಪಾರಿವಾಳ ನುಗ್ಗದಂತೆ ಜಾಲರಿ. ಪೂರ್ತಿ ಬಿಗಿದರೆ ಒಳಗಿನ ತೇವ ಅಲ್ಲೇ ಕೂತು ಗೋಡೆ ತಿನ್ನುತ್ತದೆ. ಈಗ ಮಾಘ ಮಾಸ, ಒಣ ಹವೆ. ಈಗ ಸರಿ ಮಾಡಿಸಿದರೆ ಯುಗಾದಿ ಹೊತ್ತಿಗೆ ಗೋಡೆ ತಕ್ಕಮಟ್ಟಿಗೆ ಆರಿರುತ್ತದೆ. ಆರಿದೆಯಾ ಅಂತ ನೋಡಲು ಆ ಮೂಲೆಯಲ್ಲಿ ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಚ್ಚಿ ಎರಡು ದಿನ ಬಿಡಿ. ಗೋಡೆ ಕಡೆಯ ಮುಖದಲ್ಲಿ ಬೆವರು ಹನಿ ಕಂಡರೆ ಇನ್ನೂ ತೇವ ಇದೆ.

ಬಿಳಿ ಪುಡಿಯನ್ನು ಒಣ ಬ್ರಷ್‌ನಲ್ಲಿ ಗುಡಿಸಿ ತೆಗೆಯಿರಿ. ನೀರು ಹಾಕಿ ತೊಳೆದರೆ ಉಪ್ಪು ಕರಗಿ ವಾಪಸ್ ಒಳಗೆ ಹೋಗುತ್ತದೆ.

ಬಣ್ಣದಂಗಡಿ

ಗಾರೆ ಸರ್ ಹೇಳಿದ್ದೆಲ್ಲ ಸರಿ, ಕೊನೆಯ ಒಂದು ಮಾತು ಬಿಟ್ಟು. ಈ ಗೋಡೆಗೆ ಒಣ ಬ್ರಷ್ ಬೇಡ. ಗ್ರೈಂಡರ್ ಅಂತೂ ಬೇಡವೇ ಬೇಡ. ಬಾಣಂತನ ಅಂದಿರಲ್ಲ, ಅದನ್ನು ಓದಿದ ಮೇಲೆ ಬರೆಯದೆ ಇರಲು ಆಗಲಿಲ್ಲ.

ಅಕ್ಕಾರೆ, 1986ರ ಆಯಿಲ್ ಪೇಂಟ್ ಅಂದರೆ ಅದರಲ್ಲಿ ಸೀಸ ಇರುವ ಸಾಧ್ಯತೆ ಜಾಸ್ತಿ. ಅದರಲ್ಲೂ ಹಸಿರು, ಹಳದಿ, ಕೆಂಪು, ಇಂಥ ಗಾಢ ಬಣ್ಣಗಳಲ್ಲಿ. ಸೀಸ ಹಾಕಿದರೆ ಬಣ್ಣ ಹೊಳೆಯುತ್ತಿತ್ತು, ಬೇಗ ಒಣಗುತ್ತಿತ್ತು. ನಮ್ಮ ದೇಶದಲ್ಲಿ ಇದಕ್ಕೆ ಕಡ್ಡಾಯ ನಿಯಮ ಬಂದದ್ದು 2016ರಲ್ಲಿ, ಜಾರಿಗೆ ಬಂದದ್ದು 2017ರ ನವೆಂಬರ್‌ನಿಂದ. ಈಗ ಮನೆಗೆ ಬಳಸುವ ಪೇಂಟಿನಲ್ಲಿ ಸೀಸ 90 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿಗೆ 90 ಪಾಲು, ದಾಟುವಂತಿಲ್ಲ. ನಿಮ್ಮ ಗೋಡೆಯಲ್ಲಿ ಎರಡು ಕೋಟು ಇವೆ, ಎರಡೂ ಅದಕ್ಕಿಂತ ಎಷ್ಟೋ ಹಿಂದಿನವು.

ಗೋಡೆ ಮೇಲೆ ಗಟ್ಟಿಯಾಗಿ ಕೂತಿರುವ ತನಕ ಅದರ ಪಾಡಿಗೆ ಅದು ಇರುತ್ತದೆ. ಗ್ರೈಂಡರ್ ಹಾಕಿದಾಗ ಹಿಟ್ಟಿನಂಥ ಧೂಳಾಗುತ್ತದೆ. ಆ ಧೂಳು ಸೋಫಾ, ಪರದೆ, ಫ್ಯಾನಿನ ರೆಕ್ಕೆ ಎಲ್ಲ ಕಡೆ ಕೂರುತ್ತದೆ. ಒಂದು ಸಲ ಗುಡಿಸಿ ಒರೆಸಿದರೆ ಹೋಗಲ್ಲ. ಗರ್ಭಿಣಿಯ ಮೈಗೆ ಹೋದ ಸೀಸ ಹೊಟ್ಟೆಯಲ್ಲಿರುವ ಮಗುವಿಗೂ ಹೋಗುತ್ತದೆ. ಆಮೇಲೆ ಅದೇ ನೆಲದ ಮೇಲೆ ಮಗು ಅಂಬೆಗಾಲಿಡುತ್ತದೆ, ಕೈ ಬಾಯಿಗೆ ಹಾಕುತ್ತದೆ. ಮಕ್ಕಳ ಮಿದುಳಿನ ಬೆಳವಣಿಗೆಗೆ ಪೆಟ್ಟು ಕೊಡುವ ವಸ್ತು ಅದು. ಪೇಂಟರ್ ಮುಖಕ್ಕೆ ಟವೆಲ್ ಕಟ್ಟಿಕೊಂಡು ಕೆಲಸ ಮಾಡುತ್ತಾರೆ, ಅವರಿಗೂ ಒಳ್ಳೆಯದಲ್ಲ. ಬ್ಲೋ ಲ್ಯಾಂಪ್‌ನಲ್ಲಿ ಸುಟ್ಟು ಕೆರೆಯುವುದು ಇನ್ನೂ ಕೆಟ್ಟದ್ದು, ಹೊಗೆಯಲ್ಲೇ ಸೀಸ ಬರುತ್ತದೆ.

ಇಟ್ಟಿಗೆಗೂ ಗ್ರೈಂಡರ್ ಆಗಿಬರಲ್ಲ. ಭಟ್ಟಿಯಲ್ಲಿ ಬೆಂದ ಇಟ್ಟಿಗೆಯ ಹೊರಮೈ ಗಟ್ಟಿ, ಒಳಗೆ ಮೆದು. ಹೊರಮೈ ಉಜ್ಜಿ ಹೋದರೆ ಆಮೇಲೆ ದಿನವೂ ಕೆಂಪು ಪುಡಿ ಉದುರುತ್ತಿರುತ್ತದೆ. ಸಂದಿನ ಗಾರೆಯೂ ಕಿತ್ತು ಬರುತ್ತದೆ.

ದುರ್ಗದ ಹುಡುಗಿ

ಪೇಂಟ್ ರಿಮೂವರ್ ಹಚ್ಚಿದರೆ ಧೂಳು ಬರಲ್ಲ ಅಲ್ವಾ? ಚಿತ್ರದುರ್ಗದಲ್ಲಿ ನಮ್ಮ ಮನೆಯ ಬಾಗಿಲಿಗೆ ಹಾಗೇ ಮಾಡಿಸಿದ್ದರು. ಹಲ್ವದ ಹಾಗೆ ಎದ್ದು ಬಂತು.

ಬಣ್ಣದಂಗಡಿ

ಬಾಗಿಲಿಗೆ ಸರಿ ಅಕ್ಕಾ, ಮರ ನುಣುಪು. ಇಟ್ಟಿಗೆ ಮೈಯಲ್ಲಿ ಸಣ್ಣ ಸಣ್ಣ ತೂತು, ಅದರೊಳಗೆ ಪೇಂಟ್ ಇಳಿದಿರುತ್ತದೆ. ಎರಡು ಮೂರು ಸಲ ಹಚ್ಚಿ, ತಂತಿ ಬ್ರಷ್‌ನಲ್ಲಿ ತಿಕ್ಕಿದರೂ ಹಸಿರು ಚುಕ್ಕೆ ಉಳಿಯುತ್ತವೆ. ಗಾರೆ ಸಂದಿನಲ್ಲಂತೂ ಹೋಗುವುದೇ ಇಲ್ಲ. 54 ಚದರ ಅಡಿ ಗೋಡೆಗೆ ಆ ವಾಸನೆ, ಆ ಖರ್ಚು, ಕೊನೆಗೆ ಅರ್ಧ ಹಸಿರು ಅರ್ಧ ಕೆಂಪು ಗೋಡೆ. ಇಟ್ಟಿಗೆ ಬಣ್ಣವೇ ಬೇಕು ಅನ್ನುವವರಿಗೆ ನಾನೇ ಡಬ್ಬ ಮಾರುತ್ತೇನೆ, ಸುಳ್ಳು ಯಾಕೆ ಹೇಳಲಿ. ಆದರೆ ಈ ಮನೆಗೆ, ಈ ವರ್ಷಕ್ಕೆ, ಮೇಲೆ ಬಳಿದು ಮುಚ್ಚುವುದೇ ಸರಿ.

ನಿವೃತ್ತ ಮೇಷ್ಟ್ರು

ಎಲ್ಲಕ್ಕಿಂತ ಸುಲಭ ಸುಣ್ಣ ಅಲ್ಲವೇ? ನಮ್ಮ ಕಾಲದಲ್ಲಿ ಹಬ್ಬಕ್ಕೆ ಸುಣ್ಣ ಬಳಿದರೆ ಮುಗಿಯುತ್ತಿತ್ತು. ಗೋಡೆ ಉಸಿರಾಡುತ್ತಿತ್ತು ಕೂಡ.

ಬಣ್ಣದಂಗಡಿ

ಬರಿ ಇಟ್ಟಿಗೆ ಆಗಿದ್ದರೆ ನಾನೂ ಸುಣ್ಣವೇ ಹೇಳುತ್ತಿದ್ದೆ ಮೇಷ್ಟ್ರೇ. ಸುಣ್ಣ ಗೋಡೆಯೊಳಗೆ ಇಳಿದು ಹಿಡಿಯಬೇಕು. ಆಯಿಲ್ ಪೇಂಟ್ ಮೇಲೆ ಇಳಿಯಲು ಜಾಗವಿಲ್ಲ. ಒಣಗಿದ ಮೇಲೆ ಕೈ ಸವರಿದರೆ ಅಂಗೈಗೆ ಬರುತ್ತದೆ, ಒಂದೆರಡು ತಿಂಗಳಲ್ಲಿ ಪದರ ಪದರವಾಗಿ ಬೀಳುತ್ತದೆ.

ಬಿ ಬ್ಲಾಕ್ ಸೊಸೆ

ಓದಿ ಗಾಬರಿಯಾಯಿತು. ಪೇಂಟರ್‌ಗೆ ಫೋನ್ ಮಾಡಿ ಗ್ರೈಂಡರ್ ಬೇಡ ಅಂದೆ. "ನಾವು ಎಷ್ಟು ಮನೆ ಮಾಡಿದೀವಿ, ಏನೂ ಆಗಲ್ಲ ಬಿಡ್ರೀ" ಅಂದರು. ಬೇರೆಯವರನ್ನು ಹುಡುಕುತ್ತೇನೆ.

ಸರಿ, ಇಟ್ಟಿಗೆ ಬಣ್ಣದ ಆಸೆ ಬಿಟ್ಟೆ. ಮೇಲೆ ಬಳಿಸುವುದಾದರೆ ಏನೇನು ಕ್ರಮ? ಇದು ಆಯಿಲ್ ಪೇಂಟೇ ಅಂತ ಖಚಿತ ಮಾಡಿಕೊಳ್ಳುವುದು ಹೇಗೆ?

ಬಣ್ಣದಂಗಡಿ

ಹತ್ತಿಗೆ ನೇಲ್ ಪಾಲಿಶ್ ರಿಮೂವರ್ ಅದ್ದಿ ಒಂದು ಮೂಲೆಯಲ್ಲಿ ಉಜ್ಜಿ. ಮೆತ್ತಗಾಗಿ ಹತ್ತಿಗೆ ಬಣ್ಣ ಬಂದರೆ ಎಮಲ್ಷನ್, ಅಂದರೆ ನೀರು ಬೆರೆಸಿ ಹೊಡೆಯುವ ಪೇಂಟ್. ಬರದಿದ್ದರೆ ಆಯಿಲ್. ಬರೀ ಒದ್ದೆ ಬಟ್ಟೆಗೇ ಬಂದರೆ ಡಿಸ್ಟೆಂಪರ್.

ಆಯಿಲ್ ಪೇಂಟ್ ಮೈ ನುಣುಪು, ಸುಮ್ನೆ ಮೇಲೆ ಎಮಲ್ಷನ್ ಹೊಡೆದರೆ ಉಗುರಿಗೆ ಸಿಪ್ಪೆ ಸುಲಿದ ಹಾಗೆ ಬರುತ್ತದೆ. ಹೊಳಪು ಮುರಿಯಲೇಬೇಕು, ಆದರೆ ಒದ್ದೆ ಮಾಡಿ ಮುರಿಯಬೇಕು. ನೆಲಕ್ಕೆ ದಪ್ಪ ಪ್ಲಾಸ್ಟಿಕ್ ಹಾಳೆ, ಅಂಚಿಗೆ ಟೇಪ್. ಸಾಮಾನು ಹೊರಗೆ, ಫ್ಯಾನ್ ಆಫ್, ಒಳಬಾಗಿಲಿಗೆ ಒದ್ದೆ ಬೆಡ್‌ಶೀಟ್ ಇಳಿಬಿಡಿ. ಉದುರುವ ಚಕ್ಕೆ ಇರುವ ಕಡೆ ಗಿಡಕ್ಕೆ ನೀರು ಚಿಮುಕಿಸುವ ಬಾಟಲಿಯಲ್ಲಿ ಸ್ವಲ್ಪ ನೀರು ಹೊಡೆದು, ಕೆರೆಯುವ ಪಟ್ಟಿಯಲ್ಲಿ ನಿಧಾನ ಎಬ್ಬಿಸಿ. ಗೋಡೆ ತೋಯಬಾರದು, ಧೂಳು ಏಳಬಾರದು, ಅಷ್ಟೇ. ಬಿಳಿ ಪುಡಿಯನ್ನೂ ಹಿಂಡಿದ ಒದ್ದೆ ಬಟ್ಟೆಯಲ್ಲೇ ಒರೆಸಿ, ಯಾಕೆಂದರೆ ಅದರಲ್ಲಿ ಪೇಂಟ್ ಚೂರೂ ಸೇರಿರುತ್ತದೆ. ಗಟ್ಟಿ ಇರುವ ಕಡೆ ವಾಟರ್ ಪೇಪರ್ (ಒದ್ದೆ ಮಾಡಿ ಉಜ್ಜುವ ಉಪ್ಪುಕಾಗದ) ನೀರಿನಲ್ಲಿ ಅದ್ದಿ ಹಗುರಾಗಿ ಆಡಿಸಿದರೆ ಸಾಕು. ಹಸಿರು ಹೋಗಬೇಕಿಲ್ಲ, ಹೊಳಪು ಹೋದರೆ ಆಯಿತು. ಬಟ್ಟೆ, ಕೆಸರು, ಹಾಳೆ ಎಲ್ಲ ಒಂದೇ ಚೀಲಕ್ಕೆ ಹಾಕಿ ಬಾಯಿ ಕಟ್ಟಿ. ಹಿತ್ತಲಲ್ಲಿ ಸುಡಬೇಡಿ. ತರಕಾರಿ ಗಿಡದ ಬುಡಕ್ಕೂ ಬೇಡ. ಕೆಲಸ ಮಾಡುವವರಿಗೆ ಎನ್-95 ಮಾಸ್ಕ್ ನೀವೇ ತಂದುಕೊಡಿ. ಕೊನೆಗೆ ನೆಲವನ್ನು ಪೊರಕೆ ಮುಟ್ಟಿಸದೆ ಸೋಪಿನ ನೀರಲ್ಲಿ ಒರೆಸಿ, ಬೇರೆ ನೀರಲ್ಲಿ ಮತ್ತೊಮ್ಮೆ ಒರೆಸಿ.

ನಾದಿನಿಯವರು ಬರುವ ಮುಂಚೆಯೇ ಈ ಭಾಗ ಮುಗಿದಿರಲಿ. ಇದು ಮುಖ್ಯ.

ಆಮೇಲೆ ಆಯಿಲ್ ಪೇಂಟ್ ಮೇಲೆ ಹಿಡಿಯುವ ಪ್ರೈಮರ್ ಒಂದು ಕೋಟು, ಎಮಲ್ಷನ್ ಎರಡು ಕೋಟು. ಇಟ್ಟಿಗೆಗೆ ಪುಟ್ಟಿ ಹಾಕಲು ಬಿಡಬೇಡಿ. ಪುಟ್ಟಿ ಹಾಕಿದರೆ ಸಂದೆಲ್ಲ ತುಂಬಿ ಮಾಮೂಲಿ ಗೋಡೆ ಆಗುತ್ತದೆ. ಮೊದಲು ಬ್ರಷ್‌ನಲ್ಲಿ ಸಂದಿಗೆ ಬಣ್ಣ ತುಂಬಿಸಿ, ಆಮೇಲೆ ದಪ್ಪ ಜೂಲಿನ ರೋಲರ್. ಸಂದು ಇರುವುದರಿಂದ ಬಣ್ಣ ಜಾಸ್ತಿ ಕುಡಿಯುತ್ತದೆ, ಆದರೂ ನಿಮ್ಮ ಗೋಡೆಗೆ ಒಂದೂವರೆ ಲೀಟರ್ ಒಳಗೆ ಎರಡು ಕೋಟು ಆಗಬೇಕು. ನಾಲ್ಕು ಲೀಟರ್ ಡಬ್ಬ ಬರೆದುಕೊಟ್ಟರೆ ಉಳಿದದ್ದು ಎಲ್ಲಿಗೆ ಹೋಗುತ್ತದೆ ಅಂತ ಕೇಳಿ.

ಭಟ್ಟಿ ಮನೆ

ನಮ್ಮದು ಮಂಡಕ್ಕಿ ಭಟ್ಟಿ, ಮಸಿ ವಿಷಯ ನಮಗೆ ಬಿಟ್ಟು ಯಾರಿಗೆ ಗೊತ್ತು. ಗೂಡಿನ ಬಾಯಿ ಸುತ್ತ ಮಸಿ ಇದ್ದರೆ ಅದರ ಮೇಲೆ ನೇರ ಎಮಲ್ಷನ್ ಹೊಡೆದರೆ ಹಳದಿ ಕಲೆ ಮೇಲೆ ಬರುತ್ತದೆ, ಎಷ್ಟು ಕೋಟು ಹೊಡೆದರೂ. ಬಿಸಿನೀರಿಗೆ ವಾಷಿಂಗ್ ಸೋಡಾ ಹಾಕಿ, ಕೈಗೆ ಗ್ಲೌಸ್ ಹಾಕಿ, ಸ್ಪಂಜಿನಲ್ಲಿ ಒರೆಸಿ. ಆಮೇಲೆ ಸೋಡಾ ಹೋಗುವ ಹಾಗೆ ಬರೀ ನೀರಿನಲ್ಲಿ ಒರೆಸಿ. ಒಣಗಿದ ಮೇಲೆ ಕಲೆ ತಡೆಯುವ ಆಯಿಲ್ ಪ್ರೈಮರ್. ನೀರಿನ ಪ್ರೈಮರ್ ಸಾಲದು.

ಒಳಗೆ ಸೈಲೆನ್ಸರ್‌ಗೆ ಹೊಡೆಯುವ ಕಪ್ಪು ಪೇಂಟ್ ಹೊಡೆಸಿ, ಶಾಖ ತಡೆಯುತ್ತದೆ.

ಗಾರೆ ಗೋಡೆ

ಅದಕ್ಕೂ ಮುಂಚೆ ಒಂದು ಪ್ರಶ್ನೆ. ಅದರಲ್ಲಿ ಬೆಂಕಿ ಹಾಕುತ್ತೀರಾ ಇಲ್ಲವಾ? ಎರಡರಲ್ಲಿ ಒಂದು ತೀರ್ಮಾನ ಮಾಡಿ. ಹಾಕುವುದಾದರೆ ಪಾರಿವಾಳದ ಗೂಡು ತೆಗೆಸಿ, ಚಿಮಣಿ ಪೂರ್ತಿ ಗುಡಿಸಿ, ಹೊಗೆ ಸರಾಗ ಮೇಲೆ ಹೋಗುತ್ತದಾ ಅಂತ ನೋಡಬೇಕು. ಚಿಮಣಿ ಕಟ್ಟಿಕೊಂಡಿದ್ದರೆ ಕಾರ್ಬನ್ ಮೊನಾಕ್ಸೈಡ್ ಹಾಲ್‌ಗೇ ಬರುತ್ತದೆ, ಅದಕ್ಕೆ ವಾಸನೆ ಇಲ್ಲ. ಬಾಣಂತಿ ಕೋಣೆ ಬೆಚ್ಚಗಿರಲಿ ಅಂತ ಯಾರಾದರೂ ಕೆಂಡ ಹಾಕಿ ಬಾಗಿಲು ಮುಚ್ಚಿಬಿಟ್ಟರೆ ಕಷ್ಟ.

ಬಿ ಬ್ಲಾಕ್ ಸೊಸೆ

ಮಾವನವರನ್ನೇ ಕೂರಿಸಿಕೊಂಡು ಇಡೀ ಚರ್ಚೆ ಓದಿ ಹೇಳಿದೆ. "ಕಟ್ಟಿದ ವರ್ಷ ಒಂದು ಸಲ ಹಚ್ಚಿದ್ದೆ, ನಿಮ್ಮತ್ತೆ ಎದ್ದು ಹೊರಗೆ ಹೋಗಿ ಕೂತಿದ್ದಳು" ಅಂದರು. ಹಚ್ಚುವುದಿಲ್ಲ, ಆದರೆ ಗೂಡು ಮುಚ್ಚಬಾರದು, ಅಷ್ಟೇ ಅವರ ಷರತ್ತು. ಹಸಿರು ಅವರದ್ದೇ ಆಯ್ಕೆಯಂತೆ, ಎಸ್ಟೇಟ್ ನೆನಪಿಗೆ. ಅದನ್ನು ಬಿಡಲು ಒಪ್ಪಿದ್ದಾರೆ, ಮೊಮ್ಮಗುವಿನ ವಿಷಯ ಬಂತಲ್ಲ.

ಬಣ್ಣದಂಗಡಿ

ಹಚ್ಚುವುದಿಲ್ಲ ಅಂದರೆ ಸೈಲೆನ್ಸರ್ ಪೇಂಟ್ ದುಡ್ಡು ದಂಡ. ಅಂಥ ಪೇಂಟ್ ಪೂರ್ತಿ ಗಟ್ಟಿಯಾಗುವುದೇ ಬಿಸಿ ತಾಗಿದ ಮೇಲೆ. ಮಾಮೂಲಿ ಮ್ಯಾಟ್ ಕಪ್ಪು ಸಾಕು.

ಹೊಂಡದ ಸರ್ಕಲ್

ಗೂಡು ಖಾಲಿ ಯಾಕೆ, ದೇವರ ಮನೆ ಮಾಡಿ. ಗಂಟೆ ಕಟ್ಟಲು ಮೇಲೆ ಜಾಗವೂ ಇದೆ.

ನಿವೃತ್ತ ಮೇಷ್ಟ್ರು

ನೆಲಮಟ್ಟದಲ್ಲಿ ದೇವರು, ಎದುರಿಗೆ ಸೋಫಾದಲ್ಲಿ ಕಾಲು ಚಾಚಿದ ನಾವು. ಬೇಡಪ್ಪ. ದಸರಾದಲ್ಲಿ ಗೊಂಬೆ ಕೂರಿಸಿದರೆ ಚೆಂದ, ಅದು ಹತ್ತು ದಿನದ ಮಾತು.

ದುರ್ಗದ ಹುಡುಗಿ

ನಾನು ಬಣ್ಣದ ವಿಷಯಕ್ಕೆ ಬರುತ್ತೇನೆ. ಎಲ್ಲರೂ ಬಿಳಿ ಅನ್ನುತ್ತಾರೆ, ಬಿಳಿ ಬೇಡ. ಪಶ್ಚಿಮದ ಕಿಟಕಿ ಅಂದಿರಿ. ಸಂಜೆ ನಾಲ್ಕರ ಬಿಸಿಲು ನೇರ ಬಿದ್ದರೆ ಅಚ್ಚ ಬಿಳಿ ಕಣ್ಣು ಕುಕ್ಕುತ್ತದೆ. ರಾತ್ರಿ ಟ್ಯೂಬ್‌ಲೈಟಿನಲ್ಲಿ ಅದೇ ಬಿಳಿ ಆಸ್ಪತ್ರೆ ವಾರ್ಡಿನ ಹಾಗೆ. ಬೂದು ಬಣ್ಣವೂ ಬೇಡ, ಇಟ್ಟಿಗೆಗೆ ಬೂದು ಹೊಡೆದರೆ ಪ್ಲಾಸ್ಟರ್ ಬಾಕಿ ಇರುವ ಮನೆ ಅನಿಸುತ್ತದೆ. ಕೆಂಪು ನೆಲ ಇರುವಾಗ ಸ್ವಲ್ಪ ಹಳದಿ ಬೆರೆತ ಕೆನೆ ಬಣ್ಣ ಒಳ್ಳೆಯದು, ಕಾಯಿಸಿದ ಹಾಲಿನ ಕೆನೆ. ಉಳಿದ ಮೂರು ಗೋಡೆ ಅದಕ್ಕಿಂತ ಒಂದು ತೂಕ ತಿಳಿ ಇರಲಿ. ಶೇಡ್ ಕಾರ್ಡ್ ನೋಡಿ ತೀರ್ಮಾನ ಮಾಡಬೇಡಿ. ಸ್ಯಾಂಪಲ್ ತಂದು ರಟ್ಟಿಗೆ ಬಳಿದು, ಗೋಡೆಗೆ ಒರಗಿಸಿ, ಬೆಳಿಗ್ಗೆ, ಸಂಜೆ, ಲೈಟ್ ಹಾಕಿದ ಮೇಲೆ ನೋಡಿ.

ಧೂಳಿನ ಮಾತೂ ಇದೆ. ಪ್ರತಿ ಇಟ್ಟಿಗೆ ಸಂದೂ ಧೂಳು ಕೂರುವ ಜಾಗ. ಪೂರ್ತಿ ಮ್ಯಾಟ್ ಬೇಡ, ಒರೆಸಲು ಬರುವ ಸಣ್ಣ ಹೊಳಪಿನದ್ದು ತಗೊಳ್ಳಿ.

ಗೂಡಿನ ಒಳಗೆ ಕಪ್ಪು ಹೊಡೆದ ಮೇಲೆ ಹಿತ್ತಾಳೆ ಕೊಡ, ಹಳೇ ಒಳಲೆ, ಕಂಚಿನ ದೀಪ, ಏನಿದ್ದರೂ ಎದ್ದು ಕಾಣುತ್ತದೆ. ಮೂರಕ್ಕಿಂತ ಜಾಸ್ತಿ ಇಟ್ಟರೆ ಪಾತ್ರೆ ಅಂಗಡಿ. ಒಳಗೆ ಮೇಲ್ಗಡೆ ಕಾಣದ ಹಾಗೆ ಒಂದು ವಾರ್ಮ್ ಎಲ್‌ಇಡಿ, ಅಂದರೆ ಹಳದಿ ಬೆಳಕಿನದ್ದು, 2700 ಕೆಲ್ವಿನ್‌ನದ್ದು ಅಂತ ಕೇಳಿ ತಗೊಳ್ಳಿ. ಮುಂದೆ ನೆಲಕ್ಕೆ ನಮ್ಮ ಚಳ್ಳಕೆರೆ ಕಡೆಯ ಕರಿ ಕಂಬಳಿ ಹಾಸಿ. ಕುರಿ ಉಣ್ಣೆಯದ್ದು, ಒರಟು, ಆದರೆ ಕೆಂಪು ನೆಲದ ಮೇಲೆ ಆ ಕಪ್ಪು ನೋಡಬೇಕು. ಆಗಾಗ ಬಿಸಿಲಿಗೆ ಹಾಕಿ ಕೊಡವಿ, ಇಲ್ಲವಾದರೆ ನುಸಿ ತಿನ್ನುತ್ತದೆ. ಅತ್ತೆಯವರ ಹಳೇ ಮೊಳಕಾಲ್ಮೂರು ಸೀರೆ ಹರಿದದ್ದು ಇದ್ದರೆ ಸೆರಗು ಕತ್ತರಿಸಿ ಫ್ರೇಮ್ ಹಾಕಿಸಿ. ಆದರೆ ಬಿಸಿಲು ಬೀಳುವ ಗೋಡೆಗೆ ಬೇಡ, ರೇಷ್ಮೆ ಮಾಸುತ್ತದೆ.

ಬಿ ಬ್ಲಾಕ್ ಸೊಸೆ

ಸೀರೆ ಕತ್ತರಿಸುವುದಾ! ಅತ್ತೆಯವರನ್ನು ಕೇಳುವ ಧೈರ್ಯ ನನಗಿಲ್ಲ. ಕಂಬಳಿ ಖಂಡಿತ.

ಟಿವಿ ಬಗ್ಗೆ ಯಾರೂ ಹೇಳಲಿಲ್ಲ. ಯಜಮಾನರು ಪಟ್ಟು ಹಿಡಿದಿದ್ದಾರೆ.

ಗಾರೆ ಗೋಡೆ

ಫೈರ್‌ಪ್ಲೇಸ್ ಮೇಲಿನ ಪಟ್ಟಿ ನಾಲ್ಕೂವರೆ ಅಡಿ ಎತ್ತರದಲ್ಲಿದ್ದರೆ ಟಿವಿಯ ನಡು ಐದೂವರೆ ಅಡಿ ದಾಟುತ್ತದೆ. ಸೋಫಾದಲ್ಲಿ ಕೂತವರ ಕಣ್ಣು ಮೂರೂವರೆ ಅಡಿ ಆಸುಪಾಸು. ಒಂದು ಐಪಿಎಲ್ ಮ್ಯಾಚ್ ಪೂರ್ತಿ ಕತ್ತು ಎತ್ತಿ ನೋಡಲಿ, ಆಮೇಲೆ ಅವರೇ ಇಳಿಸುತ್ತಾರೆ. ತಮಾಷೆ ಬಿಡಿ, ಅಲ್ಲಿ ಇಟ್ಟಿಗೆ ಹಿಂದೆ ಚಿಮಣಿಯ ಪೊಳ್ಳು ಇದೆ. ಮುಂದಿನ ಗೋಡೆ ಬರೀ ನಾಲ್ಕೂವರೆ ಇಂಚು ಇರಬಹುದು. ಡ್ರಿಲ್ ಹೊಡೆದು ಅದಕ್ಕೆ ಟಿವಿ ತೂಗುಹಾಕುವುದು ನನಗೆ ಇಷ್ಟವಿಲ್ಲ. ಡ್ರಿಲ್ ಹೊಡೆದರೆ ಮತ್ತೆ ಹಳೇ ಪೇಂಟಿನ ಧೂಳು ಬೇರೆ. ಪಕ್ಕದ ಉತ್ತರ ಗೋಡೆಗೆ ಹಾಕಿ. ಪಶ್ಚಿಮ ಕಿಟಕಿಯ ಎದುರು ಗೋಡೆಗೆ ಬೇಡ, ಟಿವಿ ಪರದೆ ಮೇಲೆ ಕಿಟಕಿಯೇ ಕಾಣುತ್ತದೆ.

ಹೊಂಡದ ಸರ್ಕಲ್

ಅಣ್ಣಾ, ಮ್ಯಾಚ್ ನೋಡುವವರು ಎಷ್ಟು ಎತ್ತರ ಇದ್ದರೂ ನೋಡುತ್ತಾರೆ.

ಬಿ ಬ್ಲಾಕ್ ಸೊಸೆ

ಇಲ್ಲಿಯವರೆಗಿನ ವರದಿ. ತಾರಸಿ ಕೆಲಸ ಆಯಿತು, ಚಪ್ಪಡಿ ಕೂತಿತು. ಪಾರಿವಾಳದ ಮರಿ ಹಾರುವ ತನಕ ಕಾಯಬೇಕು ಅಂತ ಮಾವ ಹಟ ಹಿಡಿದಿದ್ದರಿಂದ ಸ್ವಲ್ಪ ತಡ. ಹತ್ತಿ ಪರೀಕ್ಷೆಯಲ್ಲಿ ಬಣ್ಣ ಬರಲಿಲ್ಲ, ಆಯಿಲ್ ಪೇಂಟೇ. ಹೊಸ ಪೇಂಟರ್ ಒದ್ದೆ ಪೇಪರ್ ಕೆಲಸಕ್ಕೆ ಒಪ್ಪಿದ್ದಾರೆ, ಕೂಲಿ ಸ್ವಲ್ಪ ಜಾಸ್ತಿ ಕೇಳಿದರು, ಕೊಡುತ್ತೇನೆ ಅಂದೆ. ಪ್ಲಾಸ್ಟಿಕ್ ಹಾಳೆಯಲ್ಲಿ ಇನ್ನೂ ಸಣ್ಣಗೆ ಹನಿ ಕಾಣುತ್ತಿದೆ. ಆ ಮೂಲೆ ಬಿಟ್ಟು ಉಳಿದದ್ದು ಹೊಡೆಸಬಹುದಾ?

ಗಾರೆ ಗೋಡೆ

ಹೊಡೆಸಿ. ಆ ಮೂಲೆಯಲ್ಲಿ ಉದುರುವುದನ್ನೆಲ್ಲ ಒದ್ದೆ ಬಟ್ಟೆಯಲ್ಲಿ ತೆಗೆದು ಇಟ್ಟಿಗೆ ಬರಿದಾಗಿ ಬಿಟ್ಟುಬಿಡಿ. ಮುಂದೆ ಒಂದು ಕುರ್ಚಿ ಇಟ್ಟರೆ ಬಂದವರಿಗೆ ಕಾಣುವುದಿಲ್ಲ. ಮುಂಗಾರು ಒಂದು ನೋಡಿ. ಮಳೆಗಾಲದಲ್ಲೂ ಹನಿ ಬರದಿದ್ದರೆ ದಸರಾಕ್ಕೆ ಪ್ರೈಮರ್ ಹೊಡೆದು ಸೇರಿಸಿ. ಬಂದರೆ ನನಗೆ ಹೇಳಿ, ನೆಲದ ತೇವದ ವಿಷಯ ನೋಡೋಣ.

ಬಣ್ಣದಂಗಡಿ

ಆ ಮೂಲೆಗೆ ಅಂತಲೇ ಅರ್ಧ ಲೀಟರ್ ತೆಗೆದಿಡಿ, ಮುಚ್ಚಳ ಬಿಗಿಯಾಗಿರಲಿ. ಡಬ್ಬದ ಮೇಲೆ ಶೇಡ್ ನಂಬರ್ ಮಾರ್ಕರ್‌ನಲ್ಲಿ ಬರೆಯಿರಿ, ಚೀಟಿ ಅಂಟಿಸಿದರೆ ಬಿದ್ದುಹೋಗುತ್ತದೆ.